ಮುಳುಗಡೆಯ ಮನೆ ಬಿಚ್ಚಿ ಮತ್ತೆ ಕಟ್ಟಿದ ಬಗೆ: ಮನೆಮಂದಿಯೇ ಸೇರಿ ಮಣ್ಣಿನ ಮನೆ ಕಟ್ಟುವವರಿಗೆ

1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿದು, ಶರಾವತಿಯ ಹಿನ್ನೀರು ಸಾಗರ ಮತ್ತು ಹೊಸನಗರ ತಾಲ್ಲೂಕುಗಳ ಹಳ್ಳಿಗಳ ಮೇಲೆ ನಿಲ್ಲುವುದಕ್ಕೆ ಎರಡು ಬೇಸಿಗೆ ಮೊದಲೇ, ನಮ್ಮ ಅಜ್ಜ ಮತ್ತು ಅವರ ನಾಲ್ವರು ತಮ್ಮಂದಿರು ಕಣಿವೆಯಲ್ಲಿದ್ದ ಹಳೆಯ ಮನೆಯನ್ನು ಬಿಚ್ಚಿ, ಮರಮುಟ್ಟನ್ನೂ ಹೆಂಚನ್ನೂ ಎತ್ತಿನ ಗಾಡಿಗೆ ಹೇರಿ, ಮೇಲಿನ ಗುಡ್ಡದ ಮಗ್ಗುಲಿಗೆ ತಂದು ಮತ್ತೆ ಕಟ್ಟಿದರು. ಆಗ ಮನೆಯಲ್ಲಿದ್ದವರು ಒಟ್ಟು ಇಪ್ಪತ್ತೇಳು ಮಂದಿ. ಕೂಲಿ ಕೊಟ್ಟು ಕರೆಸಿದ್ದು ಒಬ್ಬ ಬಡಗಿಯನ್ನು ಮಾತ್ರ, ಅದೂ ಇಪ್ಪತ್ತು ದಿನಗಳ ಮಟ್ಟಿಗೆ. ಉಳಿದದ್ದೆಲ್ಲ ಮನೆಯವರ ಕೈಯಿಂದ ಮತ್ತು ಮುಯ್ಯಾಳುಗಳಿಂದ, ಎಂದರೆ ಕೂಲಿಯಿಲ್ಲದೆ ಕೆಲಸಕ್ಕೆ ಬದಲು ಕೆಲಸ ಮಾಡಿಕೊಡುವವರಿಂದ, ನಡೆಯಿತು. ನಾನು ಹುಟ್ಟಿ ಬೆಳೆದದ್ದು ಆ ಮನೆಯಲ್ಲೇ. ಅದರ ಗೋಡೆ, ಮಾಡು (ಚಾವಣಿ), ನೆಲ ಮೂರನ್ನೂ ಅಪ್ಪ ಮತ್ತು ಚಿಕ್ಕಪ್ಪಂದಿರ ಜೊತೆ ದುರಸ್ತಿ ಮಾಡಿ ಕಲಿತಿದ್ದೇನೆ. ಈಗ ಹಳೆಯ ಮನೆಯನ್ನು ಕೆಡವಬೇಕಾಗಿ ಬಂದವರು, ಅಥವಾ ತೋಟದ ಅಂಚಿನಲ್ಲಿ ತಾವೇ ಒಂದು ಮಣ್ಣಿನ ಮನೆ ಎಬ್ಬಿಸಬೇಕೆಂದಿರುವವರು ಇದನ್ನು ಓದಿ ಕೆಲಸಕ್ಕೆ ಇಳಿಯಬಹುದೆಂಬ ಆಸೆಯಿಂದ, ಅವರು ಮಾಡಿದ ಕ್ರಮವನ್ನು ಇಲ್ಲಿ ವಿವರವಾಗಿ ಬರೆಯುತ್ತಿದ್ದೇನೆ.

ಮೊದಲು ದಿನಗಳ ಲೆಕ್ಕ

ಮಲೆನಾಡಿನಲ್ಲಿ ಮನೆ ಕಟ್ಟುವವರಿಗೆ ಗಡುವು ಹಾಕುವುದು ಮಳೆ. ಆಗುಂಬೆಯ ಕಡೆ ವರ್ಷಕ್ಕೆ ಸರಾಸರಿ 7,000 ಮಿಲಿಮೀಟರಿಗೂ ಮೀರಿ ಮಳೆ ಬೀಳುತ್ತದೆ; ಅಷ್ಟಿಲ್ಲದ ಊರುಗಳಲ್ಲೂ ಹೊದಿಕೆಯಿಲ್ಲದ ಮಣ್ಣಿನ ಗೋಡೆ ಒಂದು ಮಳೆಗಾಲವನ್ನು ದಾಟುವುದಿಲ್ಲ. ಆದುದರಿಂದ ಅಜ್ಜ ಲೆಕ್ಕವನ್ನು ಹಿಂದಿನಿಂದ ಹಾಕಿದ್ದರಂತೆ. ಮೇ ತಿಂಗಳ ಕೊನೆಯ ವಾರದಲ್ಲಿ ರೋಹಿಣಿ ಮಳೆ ಹಿಡಿಯುವ ಹೊತ್ತಿಗೆ ಮಾಡು ಮುಗಿದು ನೆಲ ಒಣಗಿರಬೇಕು. ಅದಕ್ಕಾಗಿ ಏಪ್ರಿಲ್ ನಡುವಿನೊಳಗೆ ಹೆಂಚು ಏರಬೇಕು. ಹಾಗಾಗಬೇಕಾದರೆ ಮಾರ್ಚ್ ನಡುವಿಗೆ ಗೋಡೆ ಪೂರ್ತಿ ಎದ್ದಿರಬೇಕು. ಗೋಡೆಯನ್ನು ಸಂಕ್ರಾಂತಿಯ ಮರುದಿನವೇ ಹಾಕಲು ಶುರುಮಾಡಬೇಕು. ಪಾಯ, ಮಣ್ಣಿನ ಅಗೆತ, ಬಿದಿರು ನೆನೆಹಾಕುವುದು ಇವೆಲ್ಲ ಭೂಮಿ ಹುಣ್ಣಿಮೆ (ಶೀಗೆ ಹುಣ್ಣಿಮೆ) ಕಳೆದ ಕೂಡಲೇ ಆರಂಭವಾಗಬೇಕು. ನೀವೂ ಹೀಗೆಯೇ ಮಾಡಿ. ಹೆಂಚು ಏರುವ ದಿನವನ್ನು ಮೊದಲು ಬರೆದು, ಅಲ್ಲಿಂದ ಹಿಂದಕ್ಕೆ ಎಣಿಸಿಕೊಂಡು ಬನ್ನಿ. ಭತ್ತದ ಕೊಯ್ಲು ಮತ್ತು ಅಡಿಕೆ ಕೊಯ್ಲು ಇದೇ ತಿಂಗಳುಗಳಲ್ಲಿ ಬರುವುದರಿಂದ ಆ ದಿನಗಳನ್ನು ಲೆಕ್ಕದಿಂದ ಕಳೆಯಬೇಕು. ನಮ್ಮ ಮನೆಯವರು ಎರಡು ಬೇಸಿಗೆಗಳನ್ನು ಬಳಸಿಕೊಂಡರು: ಮೊದಲನೆಯದರಲ್ಲಿ ಪಾಯವನ್ನು ಮುಗಿಸಿ ಮಳೆಗಾಲ ಪೂರ್ತಿ ಕೂರಲು ಬಿಟ್ಟರು, ಎರಡನೆಯದರಲ್ಲಿ ಗೋಡೆ ಮತ್ತು ಮಾಡನ್ನು ಮುಗಿಸಿದರು. ಮಳೆ ಕುಡಿದು ಕುಳಿತ ಪಾಯ ಮುಂದೆ ಕುಸಿಯುವುದಿಲ್ಲವಾದ್ದರಿಂದ, ಅವಸರವಿಲ್ಲದವರಿಗೆ ಇದೇ ಒಳ್ಳೆಯ ದಾರಿ.

ಹಳೆಯ ಮನೆಯನ್ನು ಬಿಚ್ಚುವುದು

ಜೆಸಿಬಿ ತಂದು ಅರ್ಧ ದಿನದಲ್ಲಿ ಮನೆ ಕೆಡವುವುದನ್ನು ನಾನು ನಮ್ಮ ಸುತ್ತಿನಲ್ಲಿ ಹಲವು ಕಡೆ ಕಂಡಿದ್ದೇನೆ, ಮತ್ತು ಪ್ರತಿ ಸಲವೂ ಸಂಕಟಪಟ್ಟಿದ್ದೇನೆ; ನೂರು ವರ್ಷ ನಿಂತ ಹೊನ್ನೆಯ ತೊಲೆ ಸೀಳಿಹೋದರೆ ಅಂಥದ್ದು ಮತ್ತೆ ಸಿಗುವುದಿಲ್ಲ. ಇಂದು ಹೆಚ್ಚಿನ ಜಾತಿಯ ಹೊಸ ಮರ ಕಡಿಯಲು 1976ರ ಕರ್ನಾಟಕ ಮರಗಳ ಸಂರಕ್ಷಣಾ ಕಾಯ್ದೆಯ ಪ್ರಕಾರ ಅರಣ್ಯ ಇಲಾಖೆಯ ಅನುಮತಿ ಬೇಕು. ಹಳೆಯ ಮರಮುಟ್ಟನ್ನು ಸಾಗಿಸುವುದಕ್ಕೂ ಮೊದಲೇ ಇಲಾಖೆಯಲ್ಲಿ ವಿಚಾರಿಸಿ, ಬೇಕಾದ ಕಾಗದಪತ್ರ ಪಡೆದುಕೊಳ್ಳುವುದು ಕ್ಷೇಮ.

ಬಿಚ್ಚುವ ಕೆಲಸ ಕಟ್ಟುವ ಕೆಲಸದ ತಿರುಗುಮುರುಗು. ಮೊದಲು ನೆತ್ತಿಯ ಹೆಂಚು, ಆಮೇಲೆ ನೆತ್ತಿಯಿಂದ ಸೂರಿನ ಕಡೆಗೆ ಸಾಲುಸಾಲಾಗಿ ಉಳಿದ ಹೆಂಚು. ಒಬ್ಬರು ಮಾಡಿನ ಮೇಲೆ, ಒಬ್ಬರು ಏಣಿಯಲ್ಲಿ, ನಾಲ್ಕೈದು ಮಂದಿ ಕೆಳಗೆ ಸಾಲಾಗಿ ನಿಂತು ಕೈಯಿಂದ ಕೈಗೆ ದಾಟಿಸಬೇಕು. ಹೆಂಚನ್ನು ಅಂಗಾತ ಮಲಗಿಸಿ ಪೇರಿಸಿದರೆ ಅಡಿಯವು ಒಡೆಯುತ್ತವೆ; ಅಂಚಿನ ಮೇಲೆ ನಿಲ್ಲಿಸಿ ಒಂದಕ್ಕೊಂದು ಒರಗಿಸಬೇಕು. ಹೆಂಚನ್ನು ಬೆರಳ ಗೆಣ್ಣಿನಿಂದ ತಟ್ಟಿದಾಗ ಟಣ್ ಎಂದರೆ ಒಳ್ಳೆಯದು, ಒಡಕು ದನಿ ಬಂದರೆ ಕೂದಲೆಳೆಯ ಬಿರುಕಿದೆ ಎಂದರ್ಥ. ಹೀಗೆ ತಟ್ಟಿ ಬೇರ್ಪಡಿಸುವ ಕೆಲಸವನ್ನು ಆಗ ಎಂಟರಿಂದ ಹನ್ನೆರಡು ವರ್ಷದ ಮಕ್ಕಳಿಗೆ ಕೊಟ್ಟಿದ್ದರು, ಅವರ ಕಿವಿ ದೊಡ್ಡವರಿಗಿಂತ ಚುರುಕೆಂದು ಅಜ್ಜಿ ಹೇಳುತ್ತಿದ್ದರು.

ಪಕಾಸು (ಮಾಡಿನ ಇಳಿಜಾರು ಮರ) ಮತ್ತು ರೀಪು (ಹೆಂಚು ಹೊರುವ ಅಡ್ಡಪಟ್ಟಿ) ಇಳಿಸಿದ ಮೇಲೆ ತೊಲೆ, ಕಂಬ, ಮತ್ತು ಕಂಬದ ತಲೆಯ ಮೇಲೆ ಕೂತು ತೊಲೆ ಹೊರುವ ಬೋದಿಗೆಗಳ ಸರದಿ. ಹಳೆಯ ಮನೆಗಳಲ್ಲಿ ಇವು ಮೊಳೆಯಿಂದ ಸೇರಿರುವುದಿಲ್ಲ, ಮರದ ಕೀಲಿನಿಂದ ಸೇರಿರುತ್ತವೆ. ಕೀಲನ್ನು ಹೊಡೆದು ಒಡೆಯದೆ, ಅದರ ಸಣ್ಣ ತುದಿಯ ಕಡೆಯಿಂದ ಕೊಡತಿಯಲ್ಲಿ ಮೆಲ್ಲನೆ ತಟ್ಟಿ ಹೊರಡಿಸಬೇಕು. ಬಿಚ್ಚುವ ಮುಂಚೆ ಪ್ರತಿ ಸೇರುವೆಯ ಎರಡೂ ಬದಿಗೆ ಒಂದೇ ಗುರುತು ಹಾಕಬೇಕು. ಸುಣ್ಣದ ಗುರುತು ಗಾಡಿಯಲ್ಲಿ ಉಜ್ಜಿಹೋಗುತ್ತದೆಂದು ಅಜ್ಜ ಉಳಿಯಿಂದ ಗೀರು ಕೆತ್ತಿಸಿದ್ದರು: ಮೂಡಣ ಸಾಲಿಗೆ ನೆಟ್ಟಗಿನ ಗೀರು, ಪಡುವಣ ಸಾಲಿಗೆ ಓರೆ ಗೀರು, ಕಂಬದ ಸಂಖ್ಯೆಗೆ ತಕ್ಕಷ್ಟು ಗೀರು. ನಮ್ಮ ಜಗುಲಿಯ ಮೂರನೆಯ ಕಂಬದ ಬೋದಿಗೆಯ ಅಡಿಯಲ್ಲಿ ಆ ಮೂರು ಗೀರುಗಳು ಇಂದಿಗೂ ಇವೆ. ಎಣ್ಣೆ ಕುಡಿದು ಕಪ್ಪಾದ ಮರದಲ್ಲಿ ಕಣ್ಣಿಗೆ ಕಾಣದಿದ್ದರೂ ಹೆಬ್ಬೆರಳಿಗೆ ಸಿಗುತ್ತವೆ. ಇಂದು ಮೊಬೈಲಿನಲ್ಲಿ ಫೋಟೊ ತೆಗೆದುಕೊಳ್ಳಬಹುದು, ತೆಗೆದುಕೊಳ್ಳಲೇಬೇಕು. ಆದರೆ ಮರವನ್ನು ಹೆಗಲ ಮೇಲೆ ಹೊತ್ತು ನಿಂತವನಿಗೆ ಉಪಯೋಗಕ್ಕೆ ಬರುವುದು ಮರದ ಮೇಲಿನ ಗುರುತೇ.

ಗೋಡೆಯ ಮಣ್ಣನ್ನು ಹಲವರು ಕಸವೆಂದು ಎಸೆಯುತ್ತಾರೆ. ಸಿಮೆಂಟು ಬೆರೆಯದ ಹಳೆಯ ಗೋಡೆಯ ಮಣ್ಣನ್ನು ಪುಡಿಮಾಡಿ ನೀರು ಹಾಕಿ ತುಳಿದರೆ ಮತ್ತೆ ಗೋಡೆಗೇ ಬರುತ್ತದೆ. ಹೊಸ ಮನೆ ಅದೇ ಜಾಗದಲ್ಲಿ ಏಳುವುದಾದರೆ ನಿಮ್ಮ ಅರ್ಧ ಕೆಲಸ ಆಗಲೇ ಆಗಿದೆಯೆಂದು ತಿಳಿಯಿರಿ.

ಜಾಗ ಮತ್ತು ಪಾಯ

ಜಾಗವನ್ನು ಮಳೆಗಾಲದಲ್ಲಿ ನೋಡಬೇಕು. ಬೇಸಿಗೆಯಲ್ಲಿ ಗಟ್ಟಿಯಾಗಿ ಕಾಣುವ ನೆಲದಲ್ಲಿ ಆಷಾಢ ಶ್ರಾವಣದಲ್ಲಿ ಜಲ ಒಡೆಯುವುದುಂಟು, ಅಂಥಲ್ಲಿ ಪಾಯ ಹಾಕಿದರೆ ಗೋಡೆಯ ಬುಡ ಎಂದಿಗೂ ಒಣಗುವುದಿಲ್ಲ. ಗುಡ್ಡವನ್ನು ಕಡಿದು ಸಮತಟ್ಟು ಮಾಡುವಾಗ ಧರೆಗೂ (ಕಡಿದ ಗುಡ್ಡದ ನೆಟ್ಟಗಿನ ಬದಿ) ಮನೆಗೂ ನಡುವೆ ಧರೆಯ ಎತ್ತರಕ್ಕಿಂತ ಕಡಿಮೆಯಿಲ್ಲದಷ್ಟು ಜಾಗ ಬಿಟ್ಟು, ಧರೆಯ ನೆತ್ತಿಯಲ್ಲೂ ಬುಡದಲ್ಲೂ ನೀರು ಹರಿದುಹೋಗಲು ಕಾಲುವೆ ತೆಗೆಯಬೇಕು. ಕಡಿದ ಮಣ್ಣನ್ನು ಹೊರಗೆ ಚೆಲ್ಲದೆ ಎರಡು ಗುಡ್ಡೆ ಮಾಡಿ: ಬೇರು, ದರಗು ಬೆರೆತ ಮೇಲಿನ ಒಂದೂವರೆ ಅಡಿಯ ಮಣ್ಣು ತೋಟಕ್ಕೆ, ಕೆಳಗಿನ ಕೆಮ್ಮಣ್ಣು ಗೋಡೆಗೆ.

ಮೂಲೆ ನೇರ ಬರಲು ಹಗ್ಗಕ್ಕೆ ಮೂರು, ನಾಲ್ಕು, ಐದು ಅಳತೆಯ ಗಂಟು ಹಾಕಿ ಎಳೆದರೆ ಸಾಕು, ಯಂತ್ರ ಬೇಡ. ಆದರೆ ಅಳತೆಗೋಲು ಒಂದೇ ಇರಬೇಕು. ಐದು ಜನ ಅಣ್ಣತಮ್ಮಂದಿರ ಮೊಳ ಐದು ಬಗೆಯಾಗಿದ್ದರಿಂದ ಅಜ್ಜ ಒಂದು ಬಿದಿರ ಗಳಕ್ಕೆ ಗುರುತು ಹಾಕಿ, ಬಾಗಿಲು ಕಿಟಕಿಯಿಂದ ಹಿಡಿದು ಅಡಿಗೆಮನೆಯ ಒಲೆಯವರೆಗೆ ಎಲ್ಲವನ್ನೂ ಅದರಿಂದಲೇ ಅಳೆಯಬೇಕೆಂದು ಕಟ್ಟುಮಾಡಿದ್ದರು. ಹಲವು ಕೈ ಸೇರುವ ಕೆಲಸದಲ್ಲಿ ಇದನ್ನು ಮರೆತರೆ ಒಂದು ಬದಿಯ ತೊಲೆ ಇನ್ನೊಂದು ಬದಿಗೆ ಕೂರುವುದಿಲ್ಲ.

ಪಾಯದ ಅಗಳು ಎರಡು ಅಡಿ ಅಗಲ, ಗಟ್ಟಿ ನೆಲ ಸಿಗುವವರೆಗೆ ಆಳ. ಕಾಡುಗಲ್ಲನ್ನೋ ಜಂಬಿಟ್ಟಿಗೆಯನ್ನೋ (ಕೆಂಪು ಮುರಕಲ್ಲು) ತುಂಬಿ, ನೆಲಮಟ್ಟದಿಂದ ಎರಡು ಅಡಿ ಮೇಲಕ್ಕೆ ಕಲ್ಲಿನಲ್ಲೇ ಕಟ್ಟಬೇಕು. ಜಂಬಿಟ್ಟಿಗೆ ಕಡಿದ ಹೊಸದರಲ್ಲಿ ಮೆತ್ತಗಿದ್ದು ಗಾಳಿಗೆ ಗಟ್ಟಿಯಾಗುತ್ತದೆ, ಆದ್ದರಿಂದ ಕೆತ್ತುವ ಕೆಲಸವನ್ನು ಹೊಸದರಲ್ಲೇ ಮುಗಿಸಿ ಕೆಲವು ತಿಂಗಳು ಬಿಟ್ಟು ಬಳಸಿ.

ಮಣ್ಣು ಕಲಸುವುದು, ಗೋಡೆ ಹಾಕುವುದು

ಇಡೀ ಮನೆಯ ಬಾಳಿಕೆ ನಿಂತಿರುವುದು ಮಣ್ಣಿನ ಹದದ ಮೇಲೆ, ಹಾಗಾಗಿ ಇಲ್ಲಿ ತಾಳ್ಮೆ ಬೇಕು. ಮೊದಲು ಒಂದು ಗಾಜಿನ ಬಾಟಲಿಯಲ್ಲಿ ಮೂರನೇ ಒಂದು ಭಾಗ ಮಣ್ಣು ಹಾಕಿ, ನೀರು ತುಂಬಿ, ಚೆನ್ನಾಗಿ ಕುಲುಕಿ ಒಂದು ದಿನ ಇಡಿ. ಮರಳು ಅಡಿಯಲ್ಲಿ ಕೂರುತ್ತದೆ, ಜೇಡಿ ಮೇಲೆ ನಿಲ್ಲುತ್ತದೆ. ಜೇಡಿ ಐದರಲ್ಲಿ ಒಂದು ಭಾಗದ ಆಸುಪಾಸಿನಲ್ಲಿದ್ದರೆ ಗೋಡೆಗೆ ಸರಿ; ಹೆಚ್ಚಿದ್ದರೆ ಒಣಗುವಾಗ ಬಿರಿಯುತ್ತದೆ, ಆಗ ಮರಳು ಬೆರೆಸಬೇಕು. ಕಡಿಮೆಯಿದ್ದರೆ ಉದುರುತ್ತದೆ, ಆಗ ಗದ್ದೆಯ ಅಂಟುಮಣ್ಣನ್ನು ಸೇರಿಸಬೇಕು. ಬಾಟಲಿಯಿಲ್ಲದ ಕಾಲದಲ್ಲಿ ಅಜ್ಜ ಮಾಡುತ್ತಿದ್ದ ಪರೀಕ್ಷೆ ಇನ್ನೂ ಸುಲಭ. ಕಲಸಿದ ಮಣ್ಣನ್ನು ಕಿತ್ತಳೆ ಹಣ್ಣಿನಷ್ಟು ಉಂಡೆ ಮಾಡಿ ಎದೆಯ ಮಟ್ಟದಿಂದ ಗಟ್ಟಿ ನೆಲಕ್ಕೆ ಬಿಡಬೇಕು. ಚೂರುಚೂರಾದರೆ ಅಂಟು ಸಾಲದು, ಸಗಣಿಯಂತೆ ಚಪ್ಪಟೆಯಾದರೆ ನೀರು ಹೆಚ್ಚು, ಅಲ್ಲಲ್ಲಿ ಸೀಳು ಬಿಟ್ಟು ಆಕಾರ ಉಳಿಸಿಕೊಂಡರೆ ಹದ.

ಹದ ತಿಳಿದ ಮೇಲೆ ಮಣ್ಣನ್ನು ಗುಂಡಿಯಲ್ಲಿ ನೆನೆಸಿ, ತುಳಿದು, ಒಂದು ವಾರ ಕೊಳೆಯಲು ಬಿಡಬೇಕು. ದಿನಕ್ಕೊಮ್ಮೆ ನೀರು ಚಿಮುಕಿಸಿ ತಿರುವಿಹಾಕಬೇಕು. ಗೇಣುದ್ದ ಕತ್ತರಿಸಿದ ಭತ್ತದ ಹುಲ್ಲನ್ನು ಕೊನೆಯ ತುಳಿತದಲ್ಲಿ ಸೇರಿಸಿದರೆ ಒಣಗುವಾಗ ಬಿರುಕು ಹರಡುವುದಿಲ್ಲ. ತುಳಿಯಲು ಬೆಳಿಗ್ಗೆ ಕೋಣಗಳು, ಸಂಜೆ ಮಕ್ಕಳು. ಅಪ್ಪನಿಗೆ ಆಗ ಹತ್ತು ವರ್ಷ; ಕಾಲಿನ ಬೆರಳ ಸಂದಿಯಲ್ಲಿ ಹರಳು ತಾಗದೆ ಮಣ್ಣು ಬೆಣ್ಣೆಯಂತೆ ಜಾರುವವರೆಗೆ ಗುಂಡಿಯಿಂದ ಏಳಲು ಬಿಡುತ್ತಿರಲಿಲ್ಲವಂತೆ. ಹದ ಬಂತೆಂದು ಕಂಡುಕೊಳ್ಳಲು ಇದಕ್ಕಿಂತ ಒಳ್ಳೆಯ ಉಪಾಯ ನನಗೆ ಇನ್ನೂ ಸಿಕ್ಕಿಲ್ಲ.

ಗೋಡೆ ಒಂದೂವರೆ ಅಡಿ ದಪ್ಪ, ಒಂದು ವರಸೆಯ (ಒಂದು ಸಲಕ್ಕೆ ಏರಿಸುವ ಮಣ್ಣಿನ ಸಾಲು) ಎತ್ತರವೂ ಒಂದೂವರೆ ಅಡಿ. ಒಂದು ವರಸೆ ಹಾಕಿದ ಮೇಲೆ ಅದು ಉಗುರು ಇಳಿಯದಷ್ಟು ಗಟ್ಟಿಯಾಗುವವರೆಗೆ ಅದರ ಮೇಲೆ ಇನ್ನೊಂದನ್ನು ಏರಿಸುವಂತಿಲ್ಲ. “ಅವಸರ ಮಾಡಿರೆ ಗ್ವಾಡೆ ಹೊಟ್ಟೆ ಬಿಡ್ತದೆ ಕಣಾ” ಎಂಬುದು ಅಜ್ಜನ ಮಾತು. ಹಾಗೆಂದು ಕೈಕಟ್ಟಿ ಕೂರಬೇಕಿಲ್ಲ, ದೊಡ್ಡ ಕುಟುಂಬದ ಜಾಣತನ ಕಾಣುವುದು ಇಲ್ಲಿಯೇ. ನಮ್ಮ ಮನೆಯ ಹೊರಗೋಡೆ, ಒಳಗೋಡೆ ಎಲ್ಲ ಸೇರಿ ಸುಮಾರು 140 ಅಡಿ ಉದ್ದ. ಅದನ್ನು ಹತ್ತು ತುಂಡುಗಳಾಗಿ ವಿಂಗಡಿಸಿ ದಿನಕ್ಕೆ 14 ಅಡಿಯಂತೆ ಹಾಕುತ್ತ ಹೋದರು. ಹತ್ತನೆಯ ದಿನ ಸುತ್ತು ಮುಗಿಯುವಾಗ ಮೊದಲ ದಿನದ ತುಂಡು ಒಣಗಿ ಮೇಲಿನ ವರಸೆಗೆ ಸಿದ್ಧವಾಗಿರುತ್ತಿತ್ತು. ಒಂಬತ್ತು ಅಡಿ ಎತ್ತರಕ್ಕೆ ಆರು ವರಸೆ, ಆರು ಸುತ್ತು, ಅರವತ್ತು ದಿನ. ದಿನದ ಕೆಲಸಕ್ಕೆ ಬೇಕಾಗುವ ಸಡಿಲ ಮಣ್ಣು ಸುಮಾರು 44 ಘನ ಅಡಿ, ಎಂದರೆ ಅರ್ಧ ಘನ ಅಡಿ ಹಿಡಿಯುವ ಬುಟ್ಟಿಯಲ್ಲಿ ತೊಂಬತ್ತು ಬುಟ್ಟಿ. ಏಳೆಂಟು ಮಂದಿ ಬೆಳಗಿನ ಹೊತ್ತಿನಲ್ಲೇ ಮುಗಿಸಿ ತೋಟ ಗದ್ದೆಗೆ ಹೋಗಬಹುದಾದಷ್ಟು. ನಿಮ್ಮ ಮನೆಯಲ್ಲಿ ನಾಲ್ಕೇ ಜನರಿದ್ದರೆ ತುಂಡನ್ನು ಏಳು ಅಡಿಗೆ ಇಳಿಸಿ, ಗೋಡೆಗೇ ಎರಡು ಬೇಸಿಗೆ ಇಟ್ಟುಕೊಳ್ಳಿ. ಅರ್ಧ ಎದ್ದ ಗೋಡೆಯ ನೆತ್ತಿಗೆ ಮಾತ್ರ ಮಳೆಗಾಲದಲ್ಲಿ ಸೋಗೆಯ (ಅಡಿಕೆ ಗರಿಯ) ಹೊದಿಕೆ ಬೀಳಲೇಬೇಕು.

ಒಂದು ತುಂಡು ಇನ್ನೊಂದಕ್ಕೆ ಸೇರುವ ಅಂಚನ್ನು ನೆಟ್ಟಗೆ ಕತ್ತರಿಸದೆ ಇಳಿಜಾರಾಗಿ ಬಿಡಿ, ಮತ್ತು ಮೇಲಿನ ವರಸೆಯ ಸೇರುವೆ ಕೆಳಗಿನದರ ಮೇಲೆಯೇ ಬರದಂತೆ ನೋಡಿಕೊಳ್ಳಿ. ಬಾಗಿಲು, ಕಿಟಕಿಗಳ ಮೇಲಿನ ಅಡ್ಡಮರ ಎರಡೂ ಬದಿಗೆ ಒಂದೊಂದು ಅಡಿ ಗೋಡೆಯೊಳಗೆ ಹೋಗಬೇಕು. ಗೋಡೆ ಒಣಗುತ್ತ ತುಸು ಕೂರುವುದರಿಂದ ದಾರಂದದ (ಬಾಗಿಲ ಚೌಕಟ್ಟಿನ) ನೆತ್ತಿಗೂ ಅಡ್ಡಮರಕ್ಕೂ ನಡುವೆ ಒಂದು ಬೆರಳಷ್ಟು ಸಂದು ಬಿಟ್ಟು ಮರುವರ್ಷ ಮುಚ್ಚಬೇಕು.

ಮಾಡು

ನಮ್ಮ ಕಡೆ ಹಳೆಯ ಮನೆಗಳಿಗೆ ಅಡಿಕೆ ಸೋಗೆ, ಕರಡ (ಒಣಹುಲ್ಲು), ಕೈಹೆಂಚು ಇವೇ ಹೊದಿಕೆಯಾಗಿದ್ದವು. 1865ರಲ್ಲಿ ಬಾಸೆಲ್ ಮಿಷನ್ನಿನವರು ಮಂಗಳೂರಿನಲ್ಲಿ ಕಾರ್ಖಾನೆ ಹಾಕಿದ ಮೇಲೆ ಒಂದಕ್ಕೊಂದು ಕಚ್ಚಿಕೊಳ್ಳುವ ಹೆಂಚು ಘಟ್ಟ ಹತ್ತಿತು. ಆ ಹೆಂಚು 100 ಚದರಡಿಗೆ 140ರಿಂದ 150 ಬೇಕಾಗುತ್ತದೆ, ಒಂದೊಂದು ಎರಡರಿಂದ ಮೂರು ಕಿಲೋ ತೂಗುತ್ತದೆ. 900 ಚದರಡಿಯ ಮಾಡೆಂದರೆ ಮೂರು ಟನ್ನಿಗೂ ಮೀರಿದ ಭಾರ. ಇಷ್ಟು ಭಾರ ಹೊರುವ ತೊಲೆ, ಪಕಾಸುಗಳ ವಿಷಯದಲ್ಲಿ ಬಡಗಿಯ ಮಾತನ್ನು ಕೇಳಿ. ನಮ್ಮವರು ಆ ಇಪ್ಪತ್ತು ದಿನ ಕೂಲಿ ಕೊಟ್ಟದ್ದು ಇದಕ್ಕಾಗಿಯೇ. ಇಳಿಜಾರು ಹತ್ತು ಅಡಿಗೆ ಆರೇಳು ಅಡಿ ಏರುವಂತಿರಲಿ. ರೀಪುಗಳ ಅಂತರವನ್ನು ಪುಸ್ತಕ ನೋಡಿ ಇಡದೆ, ನಿಮ್ಮ ಕೈಯಲ್ಲಿರುವ ಹಳೆಯ ಹೆಂಚು ಹತ್ತನ್ನು ನೆಲದ ಮೇಲೆ ಕಚ್ಚಿಸಿ ಜೋಡಿಸಿ ಅಳೆದುಕೊಳ್ಳಿ, ಏಕೆಂದರೆ ಒಂದೊಂದು ಕಾರ್ಖಾನೆಯ ಹೆಂಚಿನಲ್ಲಿ ಸಣ್ಣ ವ್ಯತ್ಯಾಸವಿದ್ದು ಇಪ್ಪತ್ತು ಸಾಲು ಕಳೆಯುವಷ್ಟರಲ್ಲಿ ಅದು ದೊಡ್ಡದಾಗುತ್ತದೆ.

ಹಳೆಯ ರೀಪು ಸಾಲದೆ ಹೋದ ಕಡೆ ಬಲಿತ ಅಡಿಕೆ ಮರದ ದಬ್ಬೆ ಬಳಸಿದ್ದರು. ಮರವನ್ನು ಸೀಳಿ ಒಳಗಿನ ತಿರುಳನ್ನು ಪೂರ್ತಿ ಕೆತ್ತಿ ತೆಗೆಯಬೇಕು, ತಿರುಳು ಉಳಿದರೆ ಹುಳ ಬೀಳುತ್ತದೆ. ಅಟ್ಟದ ಬಿದಿರನ್ನು ಮೂರು ನಾಲ್ಕು ವರ್ಷ ಬಲಿತದ್ದನ್ನೇ ಕಡಿದು, ಹರಿಯುವ ಹಳ್ಳದಲ್ಲಿ ಕಲ್ಲು ಹೇರಿ ಮೂರು ವಾರ ಮುಳುಗಿಸಿಟ್ಟು, ನೆರಳಲ್ಲಿ ಒಣಗಿಸಿ. ಬಿದಿರಿನೊಳಗಿನ ಸಿಹಿ ಅಂಶ ಹಳ್ಳದ ನೀರಿನಲ್ಲಿ ಕರಗಿಹೋದರೆ ಕುಟ್ಟೆ ಹುಳ ಹತ್ತುವುದಿಲ್ಲ. ಗೋಡೆಯೊಳಗೆ ಹೋಗುವ ಮರದ ತುದಿಗಳಿಗೆ ವರಲೆ (ಗೆದ್ದಲು) ಬಾರದಂತೆ ಗೇರೆಣ್ಣೆ (ಗೇರುಬೀಜದ ಸಿಪ್ಪೆಯ ಎಣ್ಣೆ) ಬಳಿಯುವಾಗ ಕೈಗೆ ಗ್ಲೌಸ್ ಹಾಕಿಕೊಳ್ಳಿ, ಚರ್ಮಕ್ಕೆ ತಾಗಿದರೆ ಸುಟ್ಟು ಗುಳ್ಳೆಯೇಳುತ್ತದೆ.

ಸೂರು ಗೋಡೆಯಿಂದ ಮೂರು ಅಡಿಯಾದರೂ ಹೊರಗೆ ಚಾಚಿರಬೇಕು. ಗಾಳಿಮಳೆ ಬಡಿಯುವುದು ಪಡುವಣದಿಂದ, ನೈಋತ್ಯದಿಂದ. ಆದ್ದರಿಂದ ಆ ಬದಿಗೆ ಸೌದೆಮನೆ ಮತ್ತು ಬಚ್ಚಲನ್ನು ಇಳಿಮಾಡು ಹಾಕಿ ಕಟ್ಟಿದರು. ಮಳೆಯ ಪೆಟ್ಟನ್ನು ಸೌದೆಯ ಒಟ್ಟಿಲು ತಿನ್ನುತ್ತದೆ, ಮನೆಯ ಗೋಡೆ ಒಣಗಿಯೇ ಇರುತ್ತದೆ. ಮರಗೆಲಸದ ಕೂಡಣೆಗಳನ್ನು ಕಣ್ಣಾರೆ ನೋಡಬೇಕೆನ್ನುವವರು ತೀರ್ಥಹಳ್ಳಿ ತಾಲ್ಲೂಕಿನ ಕುಪ್ಪಳಿಯ ಕವಿಮನೆಗೆ ಹೋಗಿ, ಕಂಬ, ಬೋದಿಗೆ, ತೊಲೆ ಒಂದನ್ನೊಂದು ಹೊರುವ ರೀತಿಯನ್ನು ಕೆಳಗಿನಿಂದ ನಿಂತು ನೋಡಬಹುದು.

ನೆಲ

ನೆಲದ ಕೆಲಸ ಪೂರ್ತಿಯಾಗಿ ಹೆಂಗಸರದಾಗಿತ್ತು, ಅಜ್ಜಿಯ ಅಪ್ಪಣೆಯಿಲ್ಲದೆ ಗಂಡಸರು ಒಳಗೆ ಕಾಲಿಡುವಂತಿರಲಿಲ್ಲ. ಕಲ್ಲುಚೂರು ಮತ್ತು ಗಟ್ಟಿ ಮಣ್ಣನ್ನು ಅರ್ಧ ಅಡಿಯಂತೆ ತುಂಬಿ ಕೊರಡಿನಿಂದ ಕುಟ್ಟಿದ ಮೇಲೆ, ಮೂರು ಬೆರಳು ದಪ್ಪ ಹುತ್ತದ ಮಣ್ಣು ಹರಡಿ, ನೀರು ಚಿಮುಕಿಸಿ, ಪೆಟ್ಟುಮಣೆಯಿಂದ ಬಡಿಯಬೇಕು. ಮೊದಲ ದಿನ ಪೆಟ್ಟಿಗೆ ಮಂದ ದನಿ ಬರುತ್ತದೆ. ರಾತ್ರಿ ಬಿರುಕು ಬಿಡುತ್ತದೆ. ಬೆಳಿಗ್ಗೆ ತೇವ ಮಾಡಿ ಮತ್ತೆ ಬಡಿಯಬೇಕು. ಮೂರನೆಯ ದಿನವೋ ನಾಲ್ಕನೆಯ ದಿನವೋ ಮಣೆಯ ಕೆಳಗಿನಿಂದ ಹಲಗೆಗೆ ಬಡಿದಂಥ ಗಟ್ಟಿ ದನಿ ಏಳುತ್ತದೆ, ಅಲ್ಲಿಗೆ ನಿಲ್ಲಿಸಬೇಕು. ಆಮೇಲೆ ಸಗಣಿಗೆ ಕರಟ ಸುಟ್ಟ ಮಸಿಯನ್ನು ನುಣ್ಣಗೆ ಅರೆದು ಸೇರಿಸಿ ತೆಳ್ಳಗೆ ಬಳಿದು, ಅರ್ಧ ಒಣಗಿದಾಗ ಹೊಳೆಯ ನುಣುಪುಗಲ್ಲಿನಿಂದ ತಿಕ್ಕಬೇಕು. ಐದಾರು ಸಲ ಹೀಗೆ ಮಾಡಿದರೆ ದೀಪದ ಬೆಳಕು ಬಿದ್ದರೆ ಹೊಳೆಯುವಂಥ ಕಪ್ಪು ನೆಲವಾಗುತ್ತದೆ. ಅಜ್ಜಿ ಬಳಸಿದ ಅಂಗೈಯಗಲದ ಕಲ್ಲು ನಮ್ಮ ಅವ್ವನ ಬಳಿ ಇದೆ. ಹಿಡಿದು ಹಿಡಿದು ಅದರ ಒಂದು ಬದಿಯಲ್ಲಿ ಹೆಬ್ಬೆರಳು ಕೂರುವಷ್ಟು ತಗ್ಗಾಗಿದೆ.

ಮೊದಲ ಮಳೆಗಾಲ

ಹೊಸ ಮಣ್ಣಿನ ಮನೆಗೆ ಮೊದಲ ಮಳೆಗಾಲವೇ ಪರೀಕ್ಷೆ. ಮೇ ಮುಗಿಯುವುದರೊಳಗೆ ಪಡುವಣ ಮತ್ತು ತೆಂಕಣ ಗೋಡೆಗಳಿಗೆ ಅಡಿಕೆ ಸೋಗೆಯ ತಟ್ಟಿಯನ್ನು ಸೂರಿನಿಂದ ಕಲ್ಲಿನ ಪಾಯದವರೆಗೆ ಕಟ್ಟಿ, ಗೋಡೆಗೂ ತಟ್ಟಿಗೂ ನಡುವೆ ಒಂದು ಗೇಣು ಗಾಳಿಯಾಡಲು ಬಿಡಬೇಕು. ಒಳಗೆ ಒಲೆಯನ್ನು ದಿನವೂ ಉರಿಸಬೇಕು, ಹೊಗೆ ಹಿಡಿದ ಪಕಾಸಿಗೆ ಹುಳ ಬರುವುದಿಲ್ಲ, ಬೆಚ್ಚಗಿನ ಗೋಡೆಗೆ ಬೂಷ್ಟು ಹಿಡಿಯುವುದಿಲ್ಲ.

ಮಣ್ಣಿನ ಗೋಡೆಗೆ ಸಿಮೆಂಟ್ ಗಾರೆಯನ್ನು ಮಾತ್ರ ಬಳಿಯಬೇಡಿ. ಈ ಮಾತನ್ನು ನಾನು ನಷ್ಟಪಟ್ಟು ಹೇಳುತ್ತಿದ್ದೇನೆ. ಹದಿನೈದು ವರ್ಷಗಳ ಹಿಂದೆ ನಡುಮನೆಯ ಪಡುವಣ ಗೋಡೆ ಉದುರುತ್ತಿದೆಯೆಂದು ಹೊರಬದಿಗೆ ಸಿಮೆಂಟ್ ಹೊಡೆಸಿದೆ. ಎರಡು ಮಳೆಗಾಲ ಚೆಂದ ಕಂಡಿತು. ಮೂರನೆಯದರಲ್ಲಿ ಗಾರೆ ಬಾಗಿಲಿನಷ್ಟಗಲದ ಹಪ್ಪಳೆಯಾಗಿ ಬಿತ್ತು, ಹಿಂದಿನ ಮಣ್ಣು ಕೆಸರಾಗಿ ಅದರ ತುಂಬ ವರಲೆ ಹರಿದಾಡುತ್ತಿತ್ತು. ಮಣ್ಣಿನೊಳಗಿನ ತೇವಕ್ಕೆ ಹೊರಗೆ ಹೋಗಲು ದಾರಿಯಿಲ್ಲದಂತೆ ನಾನೇ ಮುಚ್ಚಿಬಿಟ್ಟಿದ್ದೆ. ಆ ಗೋಡೆಯ ನಾಲ್ಕು ಅಡಿಯನ್ನು ಕಡಿದು, ಅದೇ ಮಣ್ಣನ್ನು ತುಳಿದು ಮತ್ತೆ ಹಾಕುವಾಗ ಎಪ್ಪತ್ತು ದಾಟಿದ್ದ ದೊಡ್ಡಪ್ಪ ಮಾತಾಡದೆ ನನ್ನ ಜೊತೆ ಗುಂಡಿಗೆ ಇಳಿದರು.

ಗಾರೆಗೆ ಬಳಸಬೇಕಾದದ್ದು ಜರಡಿ ಹಿಡಿದ ಅದೇ ಮಣ್ಣು, ಮರಳು ಮತ್ತು ಸಗಣಿ. ಇನ್ನೂ ಗಟ್ಟಿ ಬೇಕೆಂದರೆ ತಿಂಗಳುಗಟ್ಟಲೆ ನೀರಿನಲ್ಲಿ ನೆನೆದ ಸುಣ್ಣಕ್ಕೆ ಬೆಲ್ಲ ಮತ್ತು ಅಳಲೆಕಾಯಿ ನೆನೆಸಿದ ನೀರನ್ನು ಸೇರಿಸಿ ಮಾಡಿದ ಗಾರೆ. ಅದನ್ನೂ ಮೊದಲ ವರ್ಷ ಬಳಿಯಬಾರದು. ಗೋಡೆ ಒಂದು ಮಳೆಗಾಲ, ಒಂದು ಚಳಿಗಾಲ ಕಳೆದು ಕೂರುವುದೆಲ್ಲ ಕೂತ ಮೇಲೆ, ಎರಡನೆಯ ದೀಪಾವಳಿ ಕಳೆದ ನಂತರ ಬಿರುಕುಗಳನ್ನು ತುಂಬಿ, ಗೋಡೆಯನ್ನು ತೇವ ಮಾಡಿಕೊಂಡು ಬಳಿಯಿರಿ. ಅದು ಒಣಗಿದ ಮೇಲೆ ಕೆಮ್ಮಣ್ಣು ಸಾರಿಸಬಹುದು. ನಮ್ಮ ದೀವರ ಸಮುದಾಯದ ಮನೆಗಳಲ್ಲಿ ಆ ಕೆಂಪಿನ ಮೇಲೆ ಅಕ್ಕಿಹಿಟ್ಟಿನ ಬಿಳಿಯಿಂದ, ಪುಂಡಿನಾರಿನ ಕುಂಚದಲ್ಲಿ ಚಿತ್ತಾರ ಬರೆಯುತ್ತಾರೆ. ಹೊಸ ಮನೆಯಲ್ಲಿ ಅಜ್ಜಿ ಮೊದಲ ಚಿತ್ತಾರ ಬರೆದದ್ದು ಮನೆಯೊಳಕ್ಕೆ ಕಾಲಿಟ್ಟ ಎರಡನೆಯ ವರ್ಷ, ಹಳೆಯ ಮನೆಯಿಂದ ಬಿಚ್ಚಿ ತಂದ ಹೆಬ್ಬಾಗಿಲಿನ ಪಕ್ಕದ ಗೋಡೆಯ ಮೇಲೆ.